ಅಜ್ಜಾರು ಪ್ರಸಾದ ಕಸಿದುಕೊಂಡ ಸೋಮವಾರ

ನಮ್ಮ ಮಠದ ಭಕ್ತ ಬಂಧುಗಳೇ, ಕಳೆದ ವರ್ಷ ಯುಗಾದಿಯ ಮುಂಚೆ ಒಂದು ಮುಂಜಾನೆ ನನ್ನ ಬಾಯಿ ಅರ್ಧಕ್ಕೇ ನಿಂತುಬಿಟ್ಟಿತು. ಇಂಡಿ ಪಟ್ಟಣದ ಲಿಂಬೆ ಮಾರುಕಟ್ಟೆಯಲ್ಲಿ ಒಂದು ಅಡತಿ ಅಂಗಡಿಗೆ, ಅಂದರೆ ದಲಾಲಿ ಅಂಗಡಿಗೆ, ಹರಾಜಿನ ಸವಾಲು ಕೂಗುವುದು ನನ್ನ ಕೆಲಸ. ಚೀಲಗಳ ಸಾಲಿನ ಮುಂದೆ ನಿಂತು ದರ ಏರಿಸುತ್ತ ಹೊರಟವನಿಗೆ ಬಲಗಿವಿಯ ಮುಂದೆ ಏನೋ ಸಿಕ್ಕಿಕೊಂಡಂತಾಯಿತು. ಮುಂದಿನ ಮಾತು ಹೊರಗೆ ಬರಲೇ ಇಲ್ಲ.

"ಯಾಕೋ ಈರಪ್ಪ, ಬಾಯಾಗ ಲಿಂಬಿಹಣ್ಣು ಇಟ್ಕೊಂಡೀ ಏನು?" ಎಂದು ಖರೀದಿಗೆ ಬಂದವರು ನಕ್ಕರು. ನಾನೂ ನಗಲು ಹೋದೆ. ನಗುವುದಕ್ಕೂ ದವಡೆ ಬೇಕೆಂದು ಆಗ ಗೊತ್ತಾಯಿತು.

ಊಟ ಮಾಡುವಾಗ ಕಟಕಟ ಸಪ್ಪಳ ಮೊದಲಿನಿಂದಲೂ ಬರುತ್ತಿತ್ತು. ಖಡಕ್ ರೊಟ್ಟಿ ತಿನ್ನುವ ನಾಡಿನಲ್ಲಿ ದವಡೆಯ ಸಪ್ಪಳ ಯಾವುದು, ರೊಟ್ಟಿಯದು ಯಾವುದು ಎಂದು ಯಾರು ಬೇರೆ ಮಾಡುತ್ತಾರೆ? ಈಗ ಒಬ್ಬರು ಹಲ್ಲು ಎಂದರು, ಇನ್ನೊಬ್ಬರು ವಾಯು ಎಂದರು. ಹೆಂಡತಿ ಮಹಾದೇವಿ, "ಒದರಿ ಒದರಿ ಹಿಂಗ ಆಗೈತಿ, ಇನ್ನರ ಸುಮ್ನಿರ್ರಿ" ಎಂದಳು. ಅವ್ವ ದೃಷ್ಟಿ ತೆಗೆದಳು. ಎಲ್ಲರೂ ಹೇಳಿದ್ದು ಸರಿ ಅನ್ನಿಸುತ್ತಿತ್ತು, ಯಾವುದರಿಂದಲೂ ಬಾಯಿ ತೆರೆಯುತ್ತಿರಲಿಲ್ಲ. ಬಾಯಿದ್ದವ ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ, ನನಗೆ ಇದ್ದ ಒಂದು ಬಾಯಿಗೇ ಬರ ಬಂದಿತ್ತು. ಅಂಗಡಿಯ ಸಾವುಕಾರರು ಒಳ್ಳೆಯವರು. "ಶ್ರಾವಣದ ತನಕಾ ನಮ್ಮ ಅಳಿಯ ಕೂಗ್ತಾನ. ಆಮ್ಯಾಲ ನೋಡೂಣು" ಎಂದರು. ಆ 'ನೋಡೂಣು' ನನ್ನ ನಿದ್ದೆ ಕೆಡಿಸಿತು.

ಕಡೆಗೆ ವಿಜಯಪುರದ ದವಾಖಾನೆಯೊಂದಕ್ಕೆ ಹೋದೆವು. ಅಲ್ಲಿಯ ಡಾಕ್ಟರಮ್ಮ ಸ್ಕ್ಯಾನ್ ನೋಡಿ ತಿಳಿಸಿ ಹೇಳಿದರು: "ದವಡಿ ಕೀಲಿನಾಗ ಒಂದು ಸಣ್ಣ ಗಾದಿ ಇರ್ತೈತ್ರಿ. ನಿಮ್ಮದು ಮುಂದ ಜಾರಿ ಕುಂತೈತಿ. ಅದಕ್ಕ ಬಾಯಿ ತಗಿಯಾಕ ಬರವಲ್ದು." ಮೊದಲು ಗುಳಿಗೆ ಕೊಟ್ಟರು, ದವಡೆಯ ವ್ಯಾಯಾಮ ಕಲಿಸಿದರು. ಗುಣ ಕಾಣಲಿಲ್ಲ. ಆಗ ಆಪರೇಷನ್ ಎಂದರು. ಮುಖ ಸೀಳುವುದಿಲ್ಲವಂತೆ. ಕಿವಿಯ ಮುಂದೆ ಎರಡು ಸಣ್ಣ ತೂತು ಮಾಡಿ, ಒಂದರಿಂದ ಕಡ್ಡಿಯಂಥ ಕ್ಯಾಮೆರಾ ಇಳಿಸಿ, ಇನ್ನೊಂದರಿಂದ ಕೀಲನ್ನು ತೊಳೆದು, ಗಾದಿಯನ್ನು ಸಡಿಲಿಸಿ ಹಿಂದಕ್ಕೆ ಸರಿಸುತ್ತಾರಂತೆ. ನಾನು ಹೂಂ ಎಂದೆ. ಅವ್ವ ಅಂದೇ ಮಠದ ಗದ್ದುಗೆಗೆ ಹರಕೆ ಹೊತ್ತಳು: ಮಗನ ಬಾಯಿ ಪೂರಾ ತೆರೆಯುವ ತನಕ ತಾಯಿ ಮಗ ಇಬ್ಬರೂ ಸೋಮವಾರ ತಪ್ಪಿಸದೆ ಮಠಕ್ಕೆ ಬಂದು ಪ್ರಸಾದ ತೆಗೆದುಕೊಳ್ಳುವುದು.

ಆಪರೇಷನ್ ಚೆನ್ನಾಗಿ ಆಯಿತು. ಮರುದಿನವೇ ಎರಡು ಬೆರಳು ಬಾಯೊಳಗೆ ಹೋದವು, ನಾನು ಅತ್ತುಬಿಟ್ಟೆ. ಕೆಲವು ವಾರ ಗಟ್ಟಿ ಪದಾರ್ಥ ಮುಟ್ಟಬೇಡಿ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ನುಚ್ಚು, ಅಂಬಲಿ, ಮೆತ್ತಗಿನ ಅನ್ನ, ಇಷ್ಟೇ. ಆದರೂ ಎರಡು ವಾರದಲ್ಲಿ ನೋವು ತಿರುಗಿ ಬಂತು, ಬಾಯಿ ಮತ್ತೆ ಬಿಗಿಯತೊಡಗಿತು.

"ಗಟ್ಟಿ ಏನರ ತಿಂದೀರೇನು?" ಎಂದು ಡಾಕ್ಟರಮ್ಮ ಕೇಳಿದರು.

"ಇಲ್ರೀ, ಗದ್ದುಗೆ ಆಣೆ."

ಸುಳ್ಳು ಹೇಳಲಿಲ್ಲ, ಬಂಧುಗಳೇ. ಮಹಾದೇವಿಯೂ ಸಾಕ್ಷಿ ನುಡಿದಳು. ಡಾಕ್ಟರಮ್ಮ ಸ್ಕ್ಯಾನನ್ನು ತಿರುವಿ ಮುರುವಿ ನೋಡಿ, "ಹಂಗಾರ ಇದ್ಯಾಕೋ ನನಗೂ ತಿಳೀವಲ್ದು. ಇನ್ನೊಮ್ಮೆ ಮಾಡಬೇಕಾದೀತು" ಎಂದರು. ಓದಿದವರಿಗೇ ತಿಳಿಯದಿದ್ದರೆ ನನಗೇನು ತಿಳಿಯಬೇಕು? ಬಸ್ಸಿನಲ್ಲಿ ತಿರುಗಿ ಬರುವಾಗ ರಸ್ತೆಯ ಪ್ರತಿ ಹಂಪೂ ದವಡೆಗೇ ಬಡಿಯುತ್ತಿತ್ತು. ನಾನು ಕಿಟಕಿಗೆ ಮುಖ ಮಾಡಿ ದೇವರ ಜೋಡಿ ಜಗಳಕ್ಕೆ ನಿಂತೆ. 'ತಂದೆ, ತೆರೆಸಿದ್ದು ನೀನೇ, ಮತ್ತೆ ಯಾಕೆ ಮುಚ್ಚಿಸುತ್ತಿ? ಎಲ್ಲಿ ತಪ್ಪಿದ್ದೇನೆ, ಅದನ್ನಾದರೂ ತೋರಿಸು.' ಉತ್ತರ ಬರಲಿಲ್ಲ, ಕಂಡಕ್ಟರ್ ಬಂದ.

ಮುಂದಿನ ಸೋಮವಾರ ಅವ್ವನ ಜೋಡಿ ಸಿಂದಗಿ ರಸ್ತೆಯ ನಮ್ಮ ಮಠಕ್ಕೆ ಹೋದೆ. ಪ್ರಸಾದ ನಿಮಗೆ ಗೊತ್ತೇ ಇದೆ, ಭಕ್ತರ ಮನೆಗಳಿಂದ ಬಂದ ಖಡಕ್ ರೊಟ್ಟಿ. ಪಂಕ್ತಿಯಲ್ಲಿ ಕೂತು ಕಣ್ಣಲ್ಲಿ ನೀರು ಬಂದರೂ ಬಿಡದೆ ಕಡಿಯುತ್ತಿದ್ದೆ. ಮಠದ ಸ್ವಾಮಿಗಳು, ನಮ್ಮ ಅಜ್ಜಾರು, ಎದುರಿಗೆ ಬಂದು ನಿಂತರು.

"ಯಾಕೋ ಈರಪ್ಪ, ಅಳಾಕತ್ತಿ?"

"ದವಡಿ ನೋವ್ರಿ ಅಜ್ಜಾರ. ಆಪರೇಷನ್ ಆಗೈತ್ರಿ."

"ಡಾಕ್ಟರು ಏನು ತಿನ್ನು ಅಂದಾರ?"

"ಮೆತ್ತಂದು ತಿನ್ನು, ಗಟ್ಟಿ ಮುಟ್ಟಬ್ಯಾಡ ಅಂದಾರ್ರಿ."

"ಮತ್ತ ಕೈಯಾಗ ಇದೇನು?"

"ಇದು ಪ್ರಸಾದ್ರಿ."

ಅಜ್ಜಾರು ಬಗ್ಗಿ ನನ್ನ ಕೈಯೊಳಗಿನ ರೊಟ್ಟಿ ಕಸಿದುಕೊಂಡರು. ಕೊಟ್ಟ ಪ್ರಸಾದ ಹಿಂದಕ್ಕೆ ಹೋದದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ದೇವರು ನನ್ನನ್ನು ಪಂಕ್ತಿಯಿಂದ ಎಬ್ಬಿಸಿದ ಎಂದೇ ತಿಳಿದೆ. ಅವರು ಒಂದು ಬಟ್ಟಲು ಬಿಸಿ ಹಾಲು ತರಿಸಿದರು. ರೊಟ್ಟಿಯನ್ನು ತಾವೇ ಪುಡಿಪುಡಿ ಮುರಿದು ಅದರಲ್ಲಿ ಹಾಕಿ ನನ್ನ ಮುಂದಿಟ್ಟರು.

"ಈಗೂ ಇದು ಪ್ರಸಾದನ ಐತಿ. ಹೊಟ್ಟಿಗೆ ಸೇರಿದ್ರ ಸಾಕು, ದವಡಿ ಮುರೀಬೇಕು ಅಂತ ಯಾವ ಶರಣರು ಹೇಳ್ಯಾರ?"

ಆಪರೇಷನ್ ಆದಮೇಲಿನ ಸೋಮವಾರಗಳಲ್ಲೂ ನಾನು ಇದೇ ರೊಟ್ಟಿ ಕಡಿದಿದ್ದೆ. ಡಾಕ್ಟರಮ್ಮ ಕೇಳಿದ್ದು ತಿಂದ ಪದಾರ್ಥ. ಪ್ರಸಾದವನ್ನು ನಾವು ಎಂದಾದರೂ 'ತಿಂದೆ' ಎಂದು ಎಣಿಸಿದ್ದೇವೆಯೇ? ಅದು ಆಹಾರದ ಲೆಕ್ಕಕ್ಕೆ ಬರುವುದೇ ಇಲ್ಲ ನಮಗೆ. ಪಕ್ಕಕ್ಕೆ ನೋಡಿದರೆ ಅವ್ವ ತನ್ನ ಬಟ್ಟಲಲ್ಲಿ ನೆನೆದ ರೊಟ್ಟಿ ಉಣ್ಣುತ್ತಿದ್ದಳು. ಹಲ್ಲು ಬಿದ್ದಾಗಿನಿಂದ ಆಕೆ ಹಾಗೇ ಉಣ್ಣುತ್ತಾಳೆ, ಪ್ರತಿ ಸೋಮವಾರ, ನನ್ನ ಮಗ್ಗುಲಲ್ಲೇ.

"ಅವ್ವಾ, ನನಗೂ ನೆನಸಿಕೋ ಅಂತ ಹೇಳಬಾರದೇನು?"

"ನನಗ ಹಲ್ಲಿಲ್ಲಪಾ. ನಿನಗ ಅದಾವಲ್ಲ!" ಎಂದಳು.

ಡಾಕ್ಟರಮ್ಮನಿಗೆ ಹೋಗಿ ಹೇಳಿದೆ. ಹಣೆ ಹಣೆ ಬಡಿದುಕೊಂಡು ನಕ್ಕರು. ಇನ್ನೊಂದು ಆಪರೇಷನ್ ಬೇಕಾಗಲಿಲ್ಲ. ವ್ಯಾಯಾಮ ಬಿಡಲಿಲ್ಲ, ಸೋಮವಾರ ಬಿಡಲಿಲ್ಲ. ಬಾಯಿ ದಿನದಿನಕ್ಕೆ ತೆರೆಯುತ್ತ ಬಂತು. ಶ್ರಾವಣ ಹಿಡಿಯುವ ಹೊತ್ತಿಗೆ ಸಾವುಕಾರರ ಅಳಿಯ ತಾನಾಗಿಯೇ ಪಕ್ಕಕ್ಕೆ ಸರಿದ. ಚೀಲಗಳ ಮುಂದೆ ನಿಂತು ಒಂದು ಕೂಗು ಹಾಕಿದೆ, ಮಾರುಕಟ್ಟೆಯ ಆ ತುದಿಯ ಹಮಾಲರು ತಿರುಗಿ ನೋಡಿದರು.

ಗುಣ ಮಾಡಿದ್ದು ಯಾರು ಎಂದು ಕೇಳಿದರೆ ನನಗೆ ಇಂದಿಗೂ ಗೊಂದಲವೇ. ಡಾಕ್ಟರಮ್ಮನ ಕೈಯೇ, ಅಜ್ಜಾರ ಕಣ್ಣೇ, ಅವ್ವನ ಹರಕೆಯೇ? ತಪ್ಪು ತೋರಿಸು ಎಂದು ಬಸ್ಸಿನಲ್ಲಿ ಕೇಳಿದ್ದೆ, ತೋರಿಸಿದ. ಅಷ್ಟು ಮಾತ್ರ ನನಗೆ ಖಾತ್ರಿ, ಅದಕ್ಕೇ ಗದ್ದುಗೆಗೆ ಶರಣು ಎನ್ನುತ್ತೇನೆ.

ಹರಕೆ ತೀರಿದೆ. ಈಗ ನಾನು ಎಂಥ ಖಡಕ್ ರೊಟ್ಟಿಯನ್ನೂ ಕಡಿಯಬಲ್ಲೆ. ಆದರೆ ಸೋಮವಾರ ಮಠದಲ್ಲಿ ಕೂತಾಗ ನನ್ನ ರೊಟ್ಟಿಯನ್ನು ಅವ್ವನ ಬಟ್ಟಲಿಗೇ ಮುರಿದು ಹಾಕುತ್ತೇನೆ, ಇಬ್ಬರೂ ಅದರಲ್ಲೇ ಉಣ್ಣುತ್ತೇವೆ.