ಗಿರಿಜತ್ತಿ ಹೇಳಿಕೊಟ್ಟ ಶಬ್ದ

ಒಣಮೆಣಸಿನಕಾಯಿಯ ತೊಟ್ಟು ಮುರಿದಾಗ ಏಳುವ ಸಿಹಿ ಬೆರೆತ ಘಾಟು ಎಲ್ಲೇ ಮೂಗಿಗೆ ಬಂದರೂ ಬ್ಯಾಡಗಿಯ ನಮ್ಮ ಹಳೆಯ ಮನೆಯ ನಡುಕೋಣೆ ನೆನಪಾಗುತ್ತದೆ. ನಿಮ್ಮ ಮನೆಯಲ್ಲೂ ಅಂಥದೊಂದು ಕೋಣೆ ಇದ್ದಿರಬಹುದು. ಸುಗ್ಗಿಯಲ್ಲಿ ಮೆಣಸಿನಕಾಯಿ ಚೀಲಗಳು ಅಲ್ಲಿ ಜಂತಿಯ ತನಕ ಏರಿ, ಇದ್ದ ಒಂದೇ ಕಿಟಕಿಯನ್ನೂ ಮುಚ್ಚಿಬಿಡುತ್ತಿದ್ದವು. ನಡುವೆ ಉಳಿದ ಚಾಪೆಯಷ್ಟು ಜಾಗದಲ್ಲಿ ಗಿರಿಜತ್ತಿ ಇರುತ್ತಿದ್ದಳು. ಅವಳು ನಮ್ಮಪ್ಪನ ತಂಗಿ. ರಾಣೇಬೆನ್ನೂರಿಗೆ ಮದುವೆಯಾಗಿ ಹೋದವಳನ್ನು ವರ್ಷ ತುಂಬುವುದರೊಳಗೆ ತವರಿಗೆ ಕಳಿಸಿದ್ದರು. ಕಾಲೇಜಿನಲ್ಲಿ ಜೊತೆಗೆ ಓದಿದ ಹುಡುಗನೊಬ್ಬ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಿಂತು ಮಾತಾಡಿದ್ದಳು, ಕಂಡವರು ಅದನ್ನು ಗಂಡನ ಕಿವಿಗೆ ಹಾಕಿದ್ದರು. ನಡೆದದ್ದು ಇಷ್ಟೇ ಎಂದು ದೊಡ್ಡವಳಾದ ಮೇಲೆ ನನಗೆ ತಿಳಿಯಿತು. ಆಗ ತಿಳಿದಿದ್ದು, ಅತ್ತಿ ಕಟ್ಟೆಯ ಮೇಲೆ ಕೂರುವಂತಿಲ್ಲ, ನೀರಿಗೂ ಹೋಗುವಂತಿಲ್ಲ ಎಂಬುದಷ್ಟೇ. ಬಾಗಿಲಿಗೆ ಕೀಲಿ ಇರಲಿಲ್ಲ. ಪಡಸಾಲೆಯಲ್ಲಿ ಅಜ್ಜ ಕೂತಿರುತ್ತಿದ್ದ, ಅದೇ ಸಾಕಿತ್ತು.

ಅರ್ಧಕ್ಕೆ ಬಿಟ್ಟ ಬಿ.ಎ. ಪುಸ್ತಕಗಳನ್ನು ಅವಳು ಆ ಕೋಣೆಯಲ್ಲೇ ಓದುತ್ತಿದ್ದಳು. ಐದನೆಯ ಇಯತ್ತೆಯಲ್ಲಿದ್ದ ನಾನು ಡಿಕ್ಷನರಿ ಹಿಡಿದು ಶಬ್ದ ಹುಡುಕಿಕೊಡುತ್ತಿದ್ದೆ. ಒಂದು ಮಧ್ಯಾಹ್ನ ‘ಚೇಸ್ಟ್’ ಎಂಬ ಇಂಗ್ಲಿಷ್ ಶಬ್ದ ಬಂತು. ಅದರ ಅರ್ಥವನ್ನು ಅವಳು ಬಹಳ ಹೊತ್ತು ನೋಡಿದಳು.

“ಹಂಗಂದ್ರ ಏನತ್ತಿ?”

“ಪರಿಶುದ್ಧ ಅಂತ. ನಡತಿ ಚೊಕ್ಕ ಇದ್ದವರಿಗೆ ಅಂತಾರ. ಬೆರಕಿ ಇಲ್ಲದ ಮಾತಿಗೂ ಅಂತಾರ.” ಡಿಕ್ಷನರಿ ನನ್ನ ಕೈಗೆ ಕೊಡುತ್ತ, “ಹೆಣ್ಣಿಗಷ್ಟ ಅಲ್ಲ, ಗಂಡಿಗೂ ಅಂತಾರ” ಎಂದಳು.

ಬೇಸಿಗೆಯ ಮೊದಲಿಗೆ ಅವಳ ಗಂಡನ ಕಡೆಯ ಹಿರಿಯರು ಬಂದರು. ಕದರಮಂಡಲಗಿ ಹನುಮಪ್ಪನ ಮುಂದೆ ನಿಂತು, ತಾನು ಶುದ್ಧವಾಗಿದ್ದೇನೆಂದು ಆಣೆ ಮಾಡಿದರೆ ಕರೆದೊಯ್ಯುತ್ತೇವೆ ಎಂದರು. ಅಜ್ಜ ಒಪ್ಪಿಕೊಂಡ. ಶನಿವಾರ ಎಲ್ಲರೂ ಟೆಂಪೋದಲ್ಲಿ ಹೋದೆವು. ದಾರಿಯುದ್ದಕ್ಕೂ ಅತ್ತಿ ನನ್ನ ಕೈ ಬಿಡಲಿಲ್ಲ. ಗುಡಿಯಲ್ಲಿ ಕರ್ಪೂರ ಹೊತ್ತಿಸಿದರು. ಅವಳ ಗಂಡ ಕಂಬಕ್ಕೆ ಒರಗಿ ನಿಂತಿದ್ದ.

“ಹೇಳವಾ ತಂಗಿ, ಲಗೂ ಹೇಳು” ಎಂದರು ಹಿರಿಯರು.

ಅತ್ತಿ ಗಂಡನ ಕಡೆ ತಿರುಗಿದಳು. “ನಾ ಆಣಿ ಮಾಡ್ತೇನಿ. ಆಮ್ಯಾಲ ಇವರೂ ಇಲ್ಲೇ ನಿಂತು ಮಾಡ್ಲಿ.”

“ಗಂಡಸರಿಗೆ ಯಾರ ಆಣಿ ಕೇಳ್ತಾರ?” ಎಂದ ಅವನು.

“ನಾ ಕೇಳಾಕತ್ತೇನಲ್ಲ.”

ಅವಳು ದನಿ ಏರಿಸಲಿಲ್ಲ. ಅವನು ಕಂಬ ಬಿಟ್ಟು ಮುಂದೆ ಬರಲಿಲ್ಲ. ಕರ್ಪೂರ ಉರಿದು ಆರಿತು. ಗಂಡನ ಕಡೆಯವರು ಚಪ್ಪಲಿ ಮೆಟ್ಟಿ ಹೊರಟೇಹೋದರು. ಮನೆ ಮುಟ್ಟಿದ ಮೇಲೆ ಅಜ್ಜ, “ಇನ್ನ ನೀ ಈ ಹೊಸ್ತಿಲ ದಾಟಬ್ಯಾಡ” ಎಂದ. ಪರೀಕ್ಷೆಗೆ ಕೂರುವ ಆಸೆಯೂ ಅಲ್ಲಿಗೆ ಮುಗಿಯಿತು.

ಆಮೇಲೆ ಎಷ್ಟೋ ಸುಗ್ಗಿಗಳು ಬಂದುಹೋದವು. ನಾನು ಹಾವೇರಿಯ ಕಾಲೇಜಿಗೆ ಓಡಾಡತೊಡಗಿದೆ. ಬೆಳಿಗ್ಗೆ ನನ್ನ ಜಡೆ ಹೆಣೆಯುತ್ತ ಅತ್ತಿ ಬಸ್ಸಿನ ದಾರಿಯ ಸುದ್ದಿ ಕೇಳುತ್ತಿದ್ದಳು: ಮೋಟೆಬೆನ್ನೂರಿನ ಕಡೆ ಹೊಲದಾಗ ಈಗ ಏನ ಐತಿ, ಹೆಗ್ಗೇರಿ ಕೆರಿಗೆ ನೀರು ಬಂದೈತೇನು. ನಾನು ಕಂಡದ್ದಕ್ಕೆ ಕಾಣದ್ದನ್ನೂ ಸೇರಿಸಿ ಹೇಳುತ್ತಿದ್ದೆ.

ಅಜ್ಜ ಹಾಸಿಗೆ ಹಿಡಿದಾಗ ಸೇವೆ ಮಾಡಿದವಳೂ ಅವಳೇ. ಒಂದು ಸಂಜೆ ಗಂಜಿ ಕುಡಿಸುವಾಗ ಅವನು ಅವಳ ಕೈ ಹಿಡಿದುಕೊಂಡ. “ತಪ್ಪಾತವಾ. ನಿನಗ ಎಲ್ಲಿ ಬೇಕೋ ಅಲ್ಲಿ ಹೋಗಿ ಬಾ” ಎಂದ. ಮರುದಿನ ಅತ್ತಿ ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಒಬ್ಬಳೇ ಹೊರಟಳು. ಜೊತೆಗೆ ಬರುತ್ತೇನೆಂದರೆ ನನ್ನನ್ನೂ ಬೇಡವೆಂದಳು. ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತಿರುಗಿ ಬಂದು ಬಚ್ಚಲಲ್ಲಿ ಕಾಲು ತೊಳೆಯುತ್ತ ನಿಂತಳು.

“ಯಾಕತ್ತಿ, ಇಷ್ಟ ಲಗೂ ಬಂದಿ?”

“ಬಸ್ ಹತ್ತಿದ್ನಿ. ಎಲ್ಲಿಗೆ ಅಂತ ಕಂಡಕ್ಟರ್ ಕೇಳಿದ. ಹೇಳಾಕ ಒಂದ ಊರಿನ ಹೆಸರೂ ಬಾಯಿಗೆ ಬರಲಿಲ್ಲ. ಇಳಿದುಬಂದ್ನಿ.”

ಹೀಗೆಂದು ಸೀರೆ ಬದಲಿಸಿ ಒಳಗೆ ಹೋದಳು. ಅಜ್ಜ ತೀರಿಕೊಂಡ ಮೇಲೂ, ತಾನು ತೀರಿಕೊಳ್ಳುವ ತನಕವೂ, ಅವಳು ಮತ್ತೆ ಎಲ್ಲಿಗೂ ಹೊರಡಲಿಲ್ಲ. ಯಾರೂ ತಡೆದಿರಲಿಲ್ಲ.