ಎರಡು ಸಲ ಬಂದ ಬಿಳಿ ಪದರ

ಕಲ್ಲಿನ ಶೆಡ್ಡಿನಲ್ಲಿ ಪೆಟ್ಟಿಗೆ ಅಕ್ಕ ಇಪ್ಪತ್ತೆರಡು ವರ್ಷ ಸವೆಸಿದ್ದಳು. ಬೆಟ್ಟಕ್ಕೆ ಬೋರ್ ಕೊರೆದಾಗ ಲಟ್ಟಣಿಗೆಯಂತೆ ಉರುಟಾಗಿ ಬರುವ ಕಲ್ಲಿನ ತುಂಡುಗಳನ್ನು ತೊಳೆದು, ಎಷ್ಟನೇ ಅಡಿಯದೆಂದು ಬರೆದು, ಸಾಲಾಗಿ ಪೆಟ್ಟಿಗೆಯಲ್ಲಿ ಜೋಡಿಸುವುದು ಅವಳ ಕೆಲಸ. ಗಂಡನ ಅಂಗಿ ಎಲ್ಲಿದೆ ಎಂದು ಕೇಳಿದರೆ ಗೊತ್ತಿಲ್ಲ ಎನ್ನುವಳು. ಮೂರನೇ ಬೋರಿನ ತೊಂಬತ್ತನೇ ಅಡಿ ಎಲ್ಲಿದೆ ಎಂದರೆ ಕಣ್ಣು ಮುಚ್ಚಿಕೊಂಡು ತೋರಿಸುವಳು.

ಹೊಸದಾಗಿ ಬಂದ ಭೂವಿಜ್ಞಾನಿ ಸಾಹೇಬರಿಗೆ ಮೂಗಿನ ತುದಿಯಲ್ಲೇ ಕೋಪ. ಸುರಂಗ ತೋಡುವ ಮುನ್ನ, ಬೆಟ್ಟದೊಳಗಿನ ಬಿರುಕು ನೆಲವನ್ನು ಎರಡೂ ಕಡೆಗೆ ಎಳೆದು ಆದದ್ದೋ ಎರಡೂ ಕಡೆಯಿಂದ ಒತ್ತಿ ಆದದ್ದೋ ಎಂದು ಅವರು ಹೇಳಬೇಕಿತ್ತು. ಕಲ್ಲು ನೋಡುವ ಮೊದಲೇ "ಎಳೆದದ್ದು" ಎಂದು ಮೇಲಿನವರಿಗೆ ಬರೆದು ಕೈತೊಳೆದುಕೊಂಡಿದ್ದರು. ಆಮೇಲೆ ಪೆಟ್ಟಿಗೆ ತೆರೆದರೆ, ಬೂದು, ಬಿಳಿ, ಕಪ್ಪು ಪದರ ಮುಗಿದ ಮೇಲೆ ಮತ್ತೆ ಬೂದು, ಬಿಳಿ, ಕಪ್ಪು! ತಮ್ಮ ವರದಿ ತಪ್ಪು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಇನ್ನೊಂದು ಬೋರಿನ ಕಲ್ಲನ್ನು ಇವಳೇ ಬೆರೆಸಿದ್ದಾಳೆ ಎಂದು ಮೆಮೊ ಕೊಟ್ಟರು. ಮೂರು ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಕೆಲಸದಿಂದ ವಜಾ.

ಅಕ್ಕನಿಗೆ ಮೈಯೆಲ್ಲ ಉರಿಯಿತು. ಕೆಲಸ ಹೋದರೆ ಹೋಗಲಿ, ಇಷ್ಟು ವರ್ಷದ ಮೇಲೆ ಬೆರೆಸಿದವಳು ಅನ್ನಿಸಿಕೊಳ್ಳುವುದೇ? ಮೂರನೇ ದಿನ ಸಾಹೇಬರನ್ನು ಶೆಡ್ಡಿಗೆ ಕರೆಸಿ, ಅವರ ಕಣ್ಣೆದುರೇ ತುಂಡುಗಳನ್ನೆಲ್ಲ ನೆಲದ ಮೇಲೆ ಹರವಿ, ಮುರಿದ ತುದಿಗೆ ತುದಿ ಕೂಡಿಸುತ್ತ ಬಂದಳು. ಒಂದೊಂದೂ ಕಚ್ಚಿ ಕೂತವು. ನಡುವೆ ಒಂದೇ ಕಡೆ ಗೇಣುದ್ದ ಕಲ್ಲು ಪುಡಿಪುಡಿಯಾಗಿತ್ತು.

"ನೋಡು, ಇಲ್ಲಿ ಕೂಡಲ್ಲ. ಇಲ್ಲೇ ನೀನು ಬೆರೆಸಿರೋದು," ಎಂದರು ಸಾಹೇಬರು.

"ಇಲ್ಲೇ ಬೆಟ್ಟ ಮುರಿದಿರೋದು ಸಾರ್. ಎಳೆದಿದ್ರೆ ಮೇಲಿಂದು ಕೆಳಕ್ಕೆ ಜಾರಿ, ಬೋರಲ್ಲಿ ಒಂದಿಷ್ಟು ಪದರ ಸಿಗ್ತಾನೇ ಇರ್ಲಿಲ್ಲ. ಇದು ಒತ್ತಿರೋದು. ಮೇಲಿನ ಬಂಡೆ ಕೆಳಗಿನದರ ಹೆಗಲೇರಿ ಕೂತಿದೆ. ಅದಕ್ಕೇ ಎಲ್ಲಾ ಎರಡೆರಡು."

"ಎಷ್ಟು ಓದಿದೀಯ ನೀನು?"

"ಏಳನೇ ಕ್ಲಾಸು. ಕಲ್ಲು ಇವತ್ತಿನವರೆಗೂ ಸರ್ಟಿಫಿಕೇಟ್ ಕೇಳಿಲ್ಲ."

ಪುಡಿಯಾದ ಜಾಗದ ಕೆಳಗಿನ ತುಂಡನ್ನು ಎತ್ತಿ, ಬೆಟ್ಟದೊಳಗೆ ಇದ್ದಂತೆಯೇ ನೆಟ್ಟಗೆ ಅವರ ಮುಂದೆ ಹಿಡಿದಳು. ಅದರ ಓರೆಯಾದ ಮುಖ ಮೇಲಿನ ಬಂಡೆ ಉಜ್ಜಿ ಉಜ್ಜಿ ಮಿರಿಮಿರಿ ಎನ್ನುತ್ತಿತ್ತು.

"ಹೆಬ್ಬೆರಳಾಡಿಸಿ ನೋಡಿ. ಮೇಲಿನ ಬಂಡೆ ಹೋದ ದಿಕ್ಕಿಗೆ ನುಣ್ಣಗಿರುತ್ತೆ."

ಸಾಹೇಬರು ಹೆಬ್ಬೆರಳನ್ನು ಕೆಳಕ್ಕೆ ಆಡಿಸಿದರು. ಬೆರಳಿಗೆ ತರಿತರಿಯಾಗಿ ತಡೆಯಿತು. ಮೇಲಕ್ಕೆ ಆಡಿಸಿದರು, ಸಲೀಸಾಗಿ ಜಾರಿತು. ನಾಲ್ಕು ಸಲ ನೋಡಿದರು. ಕಲ್ಲು ಅವರ ಹುದ್ದೆಗೆ ಹೆದರಿ ಮಾತು ಬದಲಿಸಲಿಲ್ಲ.

"ಸರಿ ಬಿಡಮ್ಮ, ಮೆಮೊ ಹರಿದುಹಾಕ್ತೀನಿ."

"ಹರಿದುಹಾಕಿದ್ರೆ ಆಯ್ತಾ? ತಪ್ಪು ನಿಮ್ದು ಅಂತ ಅದರ ಕೆಳಗೇ ಬರೀರಿ."

ಬೋರ್ ಕೊರೆಯುವವರೆಲ್ಲ ಬಾಗಿಲಲ್ಲಿ ಕಿವಿ ನಿಮಿರಿಸಿಕೊಂಡು ನಿಂತಿದ್ದರು. ಸಾಹೇಬರು ಅವರನ್ನೊಮ್ಮೆ ನೋಡಿ, ಬೆವರು ಒರೆಸಿಕೊಂಡು ಬರೆದರು. ಅಕ್ಕ ಎರಡು ಸಲ ಓದಿ ಕಾಗದವನ್ನು ಮಡಿಸಿಟ್ಟುಕೊಂಡಳು. ಮೂರು ದಿನ ತಡೆದಿದ್ದ ಅಳು ಆಗ ಒತ್ತರಿಸಿಕೊಂಡು ಬಂತು. ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಳ್ಳುತ್ತಲೇ ಗದರಿದಳು:

"ಬಾಯಿ ಬಿಟ್ಕೊಂಡು ಏನು ನೋಡ್ತೀರಿ? ಎಲ್ಲಾ ತೆಗೆದು ಪೆಟ್ಟಿಗೆಗೆ ಹಾಕಿ. ಒಂದು ತುಂಡು ಹಿಂದೆಮುಂದೆ ಆದ್ರೂ ಸುಮ್ಮನಿರಲ್ಲ!"

ಎಲ್ಲರಿಗಿಂತ ಮೊದಲು ಬಗ್ಗಿದವರು ಸಾಹೇಬರು.