ಗುತ್ತೂರಿನ ಗೋಡೆ ಮತ್ತು ಐದೂವರೆ ಗಂಟೆ

1998ರಲ್ಲಿ ನಾನು ದಾವಣಗೆರೆಯ ಒಂದು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರೋಗ್ರಾಮರ್ ಆಗಿದ್ದೆ. ವಯಸ್ಸು ಇಪ್ಪತ್ನಾಲ್ಕು. ಲ್ಯಾಬಿನಲ್ಲಿದ್ದ ಹನ್ನೆರಡು ಕಂಪ್ಯೂಟರುಗಳ ಪೈಕಿ ಇಂಟರ್‌ನೆಟ್ ಇದ್ದದ್ದು ಒಂದಕ್ಕೆ, ಅದೂ ಫೋನಿಗೆ ಮೋಡೆಮ್ ಜೋಡಿಸಿ ನಂಬರ್ ಹಚ್ಚಿದಾಗ ಮಾತ್ರ. ಎಲ್ಲವನ್ನೂ ಗಂಟೆ ನಿಮಿಷದ ಸಮೇತ ಡೈರಿಯಲ್ಲಿ ಬರೆದಿಡುವುದು ನನ್ನ ಅಭ್ಯಾಸ. ಇಲ್ಲಿನ ತಾರೀಖುಗಳೆಲ್ಲ ಅಲ್ಲಿಂದಲೇ ಬಂದವು.

ಜುಲೈ 20, ಸೋಮವಾರ, ನಾಗಪ್ಪ ಮೇಸ್ತ್ರಿ ಬಂದರು. ನಮ್ಮ ಲ್ಯಾಬಿನ ಗೋಡೆ ಕಟ್ಟಿದವರು ಅವರೇ. ಊರು ಹರಿಹರದ ಪಕ್ಕದ ಗುತ್ತೂರು. ಹದಿನಾಲ್ಕರ ಮಂಗಳವಾರ ಅಲ್ಲಿ ಅವರು ಕಟ್ಟುತ್ತಿದ್ದ ಗೋದಾಮಿನ ಗೋಡೆ ಕುಸಿದು, ಕೆಳಗೆ ಗಾರೆ ಹೊರುತ್ತಿದ್ದ ಹನುಮವ್ವ ಸಿಕ್ಕಿಕೊಂಡಿದ್ದಳು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. ಮೇಸ್ತ್ರಿಯ ಜೊತೆ ಹದಿನೇಳು ವರ್ಷ ದುಡಿದವಳು. ಅವಳ ಗಂಡ ರುದ್ರಪ್ಪ ಈಗ ಮೇಸ್ತ್ರಿಯ ಮುಖ ನೋಡುತ್ತಿರಲಿಲ್ಲ.

"ಅವತ್ತು ಭೂಮಿ ನಡುಗೈತೆ ಸಾರ್, ಊರಾಗ ಎಲ್ರೂ ಅಂತಾರೆ. ಕಂಪ್ಯೂಟರ್‌ನಾಗ ಅದೆಲ್ಲ ಬರೆದಿರ್ತೈತಂತಲ್ಲ? ಒಂಚೂರು ನೋಡ್ರಿ. ತಪ್ಪು ನಂದೋ, ಭೂಮಿದೋ, ಗೊತ್ತಾಗ್ಲಿ."

"ಗೋಡೆ ಬಿದ್ದದ್ದು ಎಷ್ಟೊತ್ತಿಗೆ?"

"ನಾಲ್ಕರ ಸೈರನ್ ಕೂಗಿ, ಬೀಡಿ ಒಂದು ಸೇದೋವಷ್ಟು ಹೊತ್ತಿಗೆ."

ಗುತ್ತೂರಿಗೆ ಫ್ಯಾಕ್ಟರಿಯ ಸೈರನ್ನೇ ಗಡಿಯಾರ. 4.05ರಿಂದ 4.10 ಎಂದು ಬರೆದುಕೊಂಡೆ.

ಹೊರದೇಶದ ಒಂದು ಕೇಂದ್ರ ಭೂಕಂಪಗಳ ಪಟ್ಟಿಯನ್ನು ವೆಬ್‌ನಲ್ಲಿ ಇಡುತ್ತಿತ್ತು. ದಿನಾಂಕ, ಅಕ್ಷಾಂಶ, ರೇಖಾಂಶ ಕೊಟ್ಟರೆ ಸಾಲುಸಾಲಾಗಿ ಅಂಕಿಗಳು ಬರುತ್ತಿದ್ದವು. ಎರಡು ದಿನ ಮೋಡೆಮ್ ಜೊತೆ ಗುದ್ದಾಡಿದೆ. ನಮ್ಮ ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು, "ಏನಪ್ಪಾ, ಭೂಮ್ತಾಯಿಗೇ ಫೋನ್ ಹಚ್ಚೀಯೇನು? ಆಕಿ ಎತ್ತಲ್ಲ ಬಿಡು," ಎಂದು ನಕ್ಕರು. ಬುಧವಾರ, ಹನ್ನೊಂದನೇ ಸಲಕ್ಕೆ, ಫೈಲ್ ಪೂರ್ತಿ ಇಳಿಯಿತು.

ಪ್ರತಿ ಸಾಲನ್ನು ಓದಿ ಹರಿಹರದಿಂದ ದೂರ ಲೆಕ್ಕ ಹಾಕುವ ಎಪ್ಪತ್ತು ಸಾಲಿನ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದೆ. ಫೈಲಿನ ಮೊದಲ ಎರಡು ಸಾಲು ತಲೆಬರಹ. ಲೆಕ್ಕಕ್ಕೆ ಬೇಡವೆಂದು ಅವನ್ನು ಓದದೆ ದಾಟುವಂತೆ ಮಾಡಿದೆ. ಹತ್ತಿರದ್ದೆಂದು ಬಂದ ಉತ್ತರ ಒಂದೇ ಸಾಲು: ಜುಲೈ 14, ಸಮಯ 16:07, ದೂರ ಅರವತ್ತು ಕಿಲೋಮೀಟರ್ ಚಿಲ್ಲರೆ. ಸಂಜೆ ನಾಲ್ಕು ಏಳು! ಇಷ್ಟು ದೂರದ ಸಣ್ಣ ಕಂಪನಕ್ಕೆ ಗೋಡೆ ಬೀಳುತ್ತದೆಯೇ ಎಂದು ಯೋಚಿಸಲಿಲ್ಲ. ನಿಮಿಷ ಹೊಂದಿದ್ದೇ ಸಾಕಾಗಿತ್ತು.

ಗುರುವಾರ ಪ್ರಿಂಟ್ ತೆಗೆದು, ಕೆಳಗೆ ಕನ್ನಡದಲ್ಲಿ ವಿವರ ಬರೆದು, ಸಹಿ ಹಾಕಿ ಕೊಟ್ಟೆ. ಮೇಸ್ತ್ರಿ ಕಾಗದವನ್ನು ಕಣ್ಣಿಗೆ ಒತ್ತಿಕೊಂಡರು.

ತಿಂಗಳು ಮುಗಿದಾಗ ಡೈರಿ ತಿರುವಿ ಲೆಕ್ಕ ಕೂಡಿಸುವ ರೂಢಿ ನನಗಿದೆ. ಆಗಸ್ಟ್ 1ರಂದು ಜುಲೈ 14ರ ಪುಟ ಬಂತು. ನನ್ನದೇ ಅಕ್ಷರ: "ರಾತ್ರಿ 9.37. ಊಟ ಮಾಡುವಾಗ ಲೋಟದ ನೀರು ಅಲುಗಿತು. ಹೊರಗೆ ಲಾರಿ ಇರಬೇಕು." ಕೂಡಲೇ ಮೂಲ ಫೈಲ್ ತೆರೆದೆ. ಪ್ರೋಗ್ರಾಂ ದಾಟಿದ್ದ ಎರಡನೇ ಸಾಲಿನಲ್ಲಿ ಬರೆದಿತ್ತು: ಸಮಯವೆಲ್ಲ ಗ್ರೀನ್‌ವಿಚ್‌ನದು. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಬೇಕು. 16:07 ಎಂದರೆ ನಮಗೆ ರಾತ್ರಿ 9.37. ಊರವರು ಹೇಳಿದ್ದ ನಡುಕ ನಿಜವೇ. ಆದರೆ ಗೋಡೆ ಬಿದ್ದಾಗ ಭೂಮಿ ಇನ್ನೂ ನಡುಗಿರಲಿಲ್ಲ.

ಹನ್ನೊಂದು ದಿನ ಡೈರಿಯಲ್ಲಿ "ನಾಳೆ ಗುತ್ತೂರಿಗೆ" ಎಂದು ಬರೆದೆ. ಹೋದದ್ದು ಹನ್ನೆರಡರಂದು.

ಮೇಸ್ತ್ರಿ ಪೂರ್ತಿ ಕೇಳಿದರು. "ಹಂಗಾರೆ ಭೂಮಿ ಸುಮ್ನಿತ್ತು," ಎಂದರು. ಗಾರೆ ಬಳಿಯುವ ಕರಣೆಯ ಅಂಚು ಒರೆಸಿದರು. "ಜಿಟಿಜಿಟಿ ಮಳೆ ಹಿಡಿದಿತ್ತು ಸಾರ್. ಕೆಳಗಿನ ವರಸೆಯ ಗಾರೆ ಬಿಗಿಯಾಗೋಕೆ ಇನ್ನೆರಡು ದಿನ ಬಿಡ್ಬೇಕಿತ್ತು. ಹನುಮವ್ವನೂ ಅಂದ್ಲು, ಇವತ್ತು ಬ್ಯಾಡಣ್ಣ ಅಂತ."

ನಾನು ಸಹಿ ಹಾಕಿ ಕೊಟ್ಟ ಕಾಗದ ವಾಪಸ್ ಕೇಳಿದೆ.

"ರುದ್ರಪ್ಪನ ಮನ್ಯಾಗ ಐತೆ. ಅದು ನೋಡಿದ್ ಮ್ಯಾಲೆ ನಂಜೊತೆ ಕೂತು ಚಾ ಕುಡ್ದ. ನಾನ್ ಹೆಂಗೆ ಕೇಳ್ಲಿ? ಕೊಟ್ಟೋರು ನೀವು, ನೀವೇ ಇಸ್ಕೊಂಡ್ ಹೋಗ್ರಿ."

ನಾನು ಸಮಯ ತಪ್ಪಾಗಿ ಓದಿದ್ದೆನೆಂದು ಹೇಳಿದಾಗ, ರುದ್ರಪ್ಪ ದೇವರ ಫೋಟೋದ ಹಿಂದಿನಿಂದ ಅದನ್ನು ತೆಗೆದುಕೊಟ್ಟ. ಮಡಿಕೆಗೆ ಕುಂಕುಮ ಹತ್ತಿತ್ತು. "ನಂಗೆ ಓದಾಕ ಬರಲ್ರಿ," ಎಂದ. "ನೀವು ಓದಿದೋರು ಬರೆದೀರಿ ಅಂತ ನಂಬಿದ್ದೆ." ಬಾಗಿಲವರೆಗೂ ಬರಲಿಲ್ಲ.

ಅವರಿಬ್ಬರು ಆಮೇಲೆ ಮಾತಾಡಿದರೋ ಇಲ್ಲವೋ ನನಗೆ ತಿಳಿದಿಲ್ಲ. ಮೇಸ್ತ್ರಿ ಮತ್ತೆ ಕರಣೆ ಹಿಡಿಯಲಿಲ್ಲವೆಂದು ಮಾತ್ರ ಗೊತ್ತು. ಅಂದಿನಿಂದ ಯಾವ ಫೈಲಿನ ತಲೆಬರಹವನ್ನೂ ನಾನು ಓದದೆ ದಾಟಿಲ್ಲ. ಡೈರಿಯಲ್ಲಿ ಪ್ರತಿ ಸಮಯದ ಮುಂದೆ ಅದು ಎಲ್ಲಿಯ ಗಡಿಯಾರದ್ದು ಎಂದು ಬರೆಯುತ್ತೇನೆ. ಪ್ರೋಗ್ರಾಮಿನ ತಪ್ಪನ್ನು ತಿದ್ದಲು ಆಗಸ್ಟ್ 1ರಂದು ಒಂದೇ ಸಾಲು ಸಾಕಾಗಿತ್ತು.